ದಿನಕ್ಕೆ ಎರಡು ತಾಸು, ನಾಲ್ಕು ತಿಂಗಳು: ಸಿಇಟಿಯಲ್ಲಿ 67ರಿಂದ 103ಕ್ಕೆ ಬಂದ ಹುಡುಗಿಯ ಪ್ರಕರಣ

ಕಾರಟಗಿ–ಗಂಗಾವತಿ ರಸ್ತೆಯಲ್ಲಿ ಒಂದು ಊರು. ಅದರ ಬಸ್ ಸ್ಟಾಪ್ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ ಅಂಗಡಿ. ಮುಂಜಾನೆ ಆರಕ್ಕೆ ಒಲೆ ಹತ್ತಿದರೆ ಒಂಬತ್ತರವರೆಗೆ ವಗ್ಗರಣಿ, ಮಿರ್ಚಿ, ಚಹಾ. ತಾಯಿ ಮಿರ್ಚಿ ಕರಿಯುತ್ತಾರೆ. ಮಗಳು ಮಂಡಾಳು (ಮಂಡಕ್ಕಿ) ತೋಯಿಸಿ ಹಿಂಡಿ, ವಗ್ಗರಣಿ ಕಲಸಿ, ಪೇಪರಿನಲ್ಲಿ ಕಟ್ಟಿ ಕೊಡುತ್ತಾಳೆ. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್). ನಾನು ಅವಳಿಗೆ ಗಣಿತ ಪಾಠ ಮಾಡುವ ಮೇಷ್ಟ್ರು.

ಡಿಸೆಂಬರ್ ಮೂರನೇ ವಾರ ತಾಯಿ ಕಾಲೇಜಿಗೆ ಬಂದಿದ್ದರು. ಅವರು ಹೇಳಿದ್ದು ಒಂದೇ ಮಾತು. "ಸರ್, ನಮ್ಮ ಹುಡುಗಿಗೆ ಓದಾಕ ಟೈಮ್ ಇಲ್ರೀ. ಆದ್ರ ತೆಲಿ ಐತ್ರಿ. ಏನರ ಮಾಡ್ರಿ."

ಟೈಮ್ ಎಷ್ಟಿದೆ ಅಂತ ಮೊದಲು ಕೂತು ಲೆಕ್ಕ ಹಾಕಿದೆವು. ಬೆಳಿಗ್ಗೆ ಅಂಗಡಿ. ಆಮೇಲೆ ನಲವತ್ತು ನಿಮಿಷ ಬಸ್. ಸಂಜೆ ಐದರವರೆಗೆ ಕಾಲೇಜು. ಮನೆಗೆ ಬಂದು ನಾಳೆಯ ಮೆಣಸಿನಕಾಯಿ ಸೀಳಿಡಬೇಕು, ಪಾತ್ರೆ ತೊಳೆಯಬೇಕು, ತಮ್ಮನಿಗೆ ಊಟಕ್ಕೆ ಇಡಬೇಕು. ರಾತ್ರಿ ಎಂಟೂವರೆಗೆ ಅವಳ ಕೈ ಖಾಲಿ. ಹತ್ತೂವರೆಗೆ ಮಲಗದಿದ್ದರೆ ಬೆಳಿಗ್ಗೆ ಐದಕ್ಕೆ ಏಳಲಾಗದು. ಅಂದರೆ ದಿನಕ್ಕೆ ಎರಡು ತಾಸು. ಪಿಯು ಪರೀಕ್ಷೆಯ ಓದೂ ಅದರಲ್ಲೇ, ಸಿಇಟಿಯೂ ಅದರಲ್ಲೇ.

ಗೊತ್ತಿಲ್ಲದವರಿಗೆ ಪರೀಕ್ಷೆಯ ಲೆಕ್ಕ ಹೇಳಿಬಿಡುತ್ತೇನೆ. ಸಿಇಟಿ ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್ ಬಂತು. ಫಸ್ಟ್ ಪಿಯುಸಿ, ಸೆಕೆಂಡ್ ಪಿಯುಸಿ ಎರಡರಿಂದಲೂ ಪ್ರಶ್ನೆ ಬರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸಿಇಟಿ ಅಂಕ ಅರ್ಧ, ಅದೇ ಮೂರು ವಿಷಯಗಳ ಪಿಯು ಅಂಕ ಅರ್ಧ. ಸಿಇಟಿ 180ಕ್ಕೆ, ಪಿಯು 300ಕ್ಕೆ. ಎರಡೂ ಕಡೆ 50 ಅಂಕಕ್ಕೆ ಇಳಿಸಿದಾಗ ಪಿಯುವಿನ ಒಂದು ಅಂಕಕ್ಕೆ 0.17 ಸಿಕ್ಕರೆ, ಸಿಇಟಿಯ ಒಂದು ಅಂಕಕ್ಕೆ 0.28 ಸಿಗುತ್ತದೆ. ಅಂದರೆ ಸಿಇಟಿಯ ಮೂರು ಅಂಕ ಪಿಯುವಿನ ಐದು ಅಂಕಕ್ಕೆ ಸಮ. ನಮ್ಮ ಕಡೆ ಮಕ್ಕಳು ಪಿಯು ಅಂಕಕ್ಕೆ ಜೀವ ಬಿಟ್ಟು ಓದುತ್ತಾರೆ, ಸಿಇಟಿಯನ್ನು "ಹೋಗಿ ಬರೆದು ಬಂದರಾಯ್ತು" ಅನ್ನುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಮೊದಲ ಟೆಸ್ಟ್

ಓದಿಸುವ ಮೊದಲು ಟೆಸ್ಟ್ ಕೊಟ್ಟೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಇದ್ದ ಹಾಗೇ ಕೊಡಲಿಲ್ಲ. ಪಠ್ಯ ಕಡಿಮೆ ಮಾಡಿದ ಮೇಲೆ ಸಾಲಿಡ್ ಸ್ಟೇಟ್, ಪಾಲಿಮರ್‌ನಂಥ ಪಾಠಗಳು ಈಗ ಇಲ್ಲ. ಹಳೆಯ ಪತ್ರಿಕೆಗಳಲ್ಲಿ ಅವು ತುಂಬ ಇವೆ. 2024ರ ಪರೀಕ್ಷೆಯಲ್ಲೂ ಪಠ್ಯದ ಹೊರಗಿನ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಟ್ಟಿದ್ದರು. ಇದನ್ನು ತಿಳಿಯದೆ ಆ ಪತ್ರಿಕೆ ಬಿಡಿಸಿ "ನನಗೆ ಏನೂ ಬರಲ್ಲ" ಅಂತ ಅತ್ತ ಮಕ್ಕಳನ್ನು ನೋಡಿದ್ದೇನೆ. ಹಾಗಾಗಿ ಪಠ್ಯದಲ್ಲಿಲ್ಲದ ಪ್ರಶ್ನೆ ತೆಗೆದು, ಬೇರೆ ವರ್ಷದ ಪ್ರಶ್ನೆ ಸೇರಿಸಿ ಮೂರು ವಿಷಯಕ್ಕೂ 60 ಮಾಡಿದೆ.

ಬಂದ ಅಂಕ: ಮ್ಯಾಥ್ಸ್ 19, ಫಿಸಿಕ್ಸ್ 22, ಕೆಮಿಸ್ಟ್ರಿ 26. ಒಟ್ಟು 67.

ಅಂಕಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಖಾಲಿ ಬಿಟ್ಟ ಪ್ರಶ್ನೆಗಳು. ಮೂರೂ ಸೇರಿ 29.

"ಇವನ್ನ ಯಾಕ ಬಿಟ್ಟಿಯವಾ?"

"ತಪ್ಪಾದ್ರ ಮಾರ್ಕ್ಸ್ ಕಟ್ ಆಗ್ತಾವಲ್ರೀ ಸರ್, ಅದಕ್ಕ."

ಅಂಕ ಕಡಿಯುವುದು ನೀಟ್‌ನಲ್ಲಿ. ಅದು ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ. ಅಲ್ಲಿ ಸರಿಗೆ ನಾಲ್ಕು ಕೊಟ್ಟು ತಪ್ಪಿಗೆ ಒಂದು ಕಳೆಯುತ್ತಾರೆ. ಪಕ್ಕದ ಮನೆಯ ಅಕ್ಕ ನೀಟ್ ಬರೆದಿದ್ದಳಂತೆ, ಅವಳ ಮಾತು ಇವಳ ತಲೆಯಲ್ಲಿ ಕೂತಿತ್ತು. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದು ತುಂಬಿದರೂ ನಾಲ್ಕಕ್ಕೊಂದು ಸರಿಯಾಗಬಹುದು. 29ಕ್ಕೆ ಏಳು ಅಂಕ. ಒಂದು ತಪ್ಪು ತಿಳಿವಳಿಕೆಗೆ ಏಳು ಅಂಕ ಹೋಗುತ್ತಿತ್ತು.

ಇನ್ನು ತಪ್ಪಾದ 84 ಪ್ರಶ್ನೆ. ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಅವನ್ನು ವಿಂಗಡಿಸುವುದಕ್ಕೇ ಕೊಟ್ಟೆವು. ಪ್ರತಿ ಪ್ರಶ್ನೆಗೂ ಅವಳಿಗೆ ಕೇಳಿದ್ದು ಒಂದೇ: ಇದು ಯಾಕೆ ತಪ್ಪಾಯಿತು? "ಬರಲಿಲ್ಲ" ಅನ್ನುವ ಉತ್ತರ ಒಪ್ಪಲಿಲ್ಲ. ಯಾಕೆ ಬರಲಿಲ್ಲ, ಹೇಳು.

ಪಾಠವನ್ನೇ ಸರಿಯಾಗಿ ಓದಿಲ್ಲದ್ದರಿಂದ ತಪ್ಪಾದವು 31, ಹೆಚ್ಚಿನವು ಫಸ್ಟ್ ಪಿಯುಸಿಯವು. ಅರ್ಧ ಗೊತ್ತಿದ್ದು ಮುಂದೆ ಹೋಗಲಾಗದೆ ತಪ್ಪಾದವು 24. ಕೊನೆಯಲ್ಲಿ ಗಡಿಬಿಡಿಯಲ್ಲಿ ಹಾಕಿದ್ದು 7. ಉಳಿದ 22 ಅವಳಿಗೆ ಪೂರ್ತಿ ಗೊತ್ತಿದ್ದವು. ಗೊತ್ತಿದ್ದೂ ತಪ್ಪಿದ್ದವು.

ಆ 22ನ್ನು ನಾನು ಮತ್ತೆ ಮತ್ತೆ ನೋಡಿದೆ. ಲೆನ್ಸ್ ಪ್ರಶ್ನೆ: ಫೋಕಲ್ ಲೆಂತ್ 20 ಸೆಂಟಿಮೀಟರ್, ಪವರ್ ಎಷ್ಟು? ಒಂದನ್ನು 20ರಿಂದ ಭಾಗಿಸಿ 0.05 ಅಂತ ಹಾಕಿದ್ದಳು. ಸೆಂಟಿಮೀಟರನ್ನು ಮೀಟರ್ ಮಾಡಿ ಒಂದನ್ನು 0.2ರಿಂದ ಭಾಗಿಸಿದ್ದರೆ 5 ಡಯಾಪ್ಟರ್. ಸೂತ್ರ ಬಾಯಿಪಾಠ ಇತ್ತು, ಯೂನಿಟ್ ಕೈಕೊಟ್ಟಿತು. ಕೆಮಿಸ್ಟ್ರಿಯಲ್ಲಿ ಐದು ಪ್ರಶ್ನೆ "ಇವುಗಳಲ್ಲಿ ಯಾವುದು ತಪ್ಪು" ಅಂತ ಕೇಳಿದ್ದವು. ಇವಳು ಸರಿ ಹೇಳಿಕೆ ಹುಡುಕಿ ಗುರುತು ಹಾಕಿದ್ದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿಗೆ ಬಂದ ಮೇಲೆ ಎಲ್ಲ ಇಂಗ್ಲಿಷ್. ವಾಕ್ಯದ ನಡುವೆ ಸುಮ್ನೆ ಕೂತಿರುವ "ನಾಟ್" ಅನ್ನುವ ಪುಟ್ಟ ಪದ ಕಣ್ಣಿಗೆ ಬೀಳುತ್ತಿರಲಿಲ್ಲ. ಇದು ದಡ್ಡತನ ಅಲ್ಲ. ಎರಡು ವರ್ಷದ ಹಿಂದಷ್ಟೇ ಭಾಷೆ ಬದಲಾದ ಮಗು ಪ್ರಶ್ನೆಯನ್ನು ಓಡಿಸಿಕೊಂಡು ಓದಿದರೆ ಹೀಗೇ ಆಗುತ್ತದೆ.

ಮ್ಯಾಥ್ಸ್‌ನಲ್ಲಿ ಒಂದೇ ತಪ್ಪು ನಾಲ್ಕು ವೇಷದಲ್ಲಿ ಬಂದಿತ್ತು. ಮೂರು ಸಾಲು, ಮೂರು ಕಂಬದ ಒಂದು ಮ್ಯಾಟ್ರಿಕ್ಸ್, ಅದರ ಡಿಟರ್ಮಿನೆಂಟ್ 5. ಆ ಮ್ಯಾಟ್ರಿಕ್ಸನ್ನು 2ರಿಂದ ಗುಣಿಸಿದರೆ ಡಿಟರ್ಮಿನೆಂಟ್ ಎಷ್ಟು? ಇವಳ ಉತ್ತರ 10. ಆದರೆ ಮೂರು ಸಾಲಿನಿಂದಲೂ ಒಂದೊಂದು 2 ಹೊರಗೆ ಬರುತ್ತದೆ. ಎರಡರ ಘನ ಎಂಟು, ಎಂಟೈದ್ಲಿ ನಲವತ್ತು. ಒಂದು ಸಲ ಇದು ತಲೆಗೆ ಹೋಗಿದ್ದರೆ ನಾಲ್ಕು ಅಂಕ ಆ ದಿನವೇ ಅವಳದು.

ನಮ್ಮ ಕಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಗೊತ್ತು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೂ ನಡುವೆ ಸೋರಿ ಹೋದರೆ ಗದ್ದೆಗೆ ಬರುವುದಿಲ್ಲ. ಇವಳಿಗೂ ಓದು ಜಾಸ್ತಿ ಮಾಡಲು ತಾಸುಗಳೇ ಇರಲಿಲ್ಲ. ಸೋರುವುದನ್ನು ನಿಲ್ಲಿಸುವುದು ಮೊದಲ ಕೆಲಸ ಅಂತ ಅಂದುಕೊಂಡೆವು.

ಮುರಿದುಬಿದ್ದ ಟೈಮ್‌ಟೇಬಲ್

ಹಾಗೆ ಅಂದುಕೊಂಡೂ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಬೆಳಿಗ್ಗೆ ನಾಲ್ಕಕ್ಕೆ ಏಳುವ, ವಾರಕ್ಕೆ ಮೂರು ಪಾಠ ಮುಗಿಸುವ ದೊಡ್ಡ ಟೈಮ್‌ಟೇಬಲ್ ಬರೆದುಕೊಟ್ಟೆ. ಎಂಟು ದಿನ ನಡೆಯಿತು. ಜನವರಿಯಲ್ಲಿ ಎರಡನೇ ಬೆಳೆಯ ನಾಟಿ ಶುರುವಾಯಿತು. ನಾಟಿಗೆ ಹೋಗುವ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಹತ್ತುವ ಮೊದಲು ಅಂಗಡಿ ಮುಂದೆ ನಿಲ್ಲುತ್ತಾರೆ. ಗಿರಾಕಿ ಜಾಸ್ತಿಯಾಗಿ ಒಲೆ ಐದಕ್ಕೇ ಹತ್ತಬೇಕಾಯಿತು. ಒಂದು ದಿನ ಕ್ಲಾಸಿನಲ್ಲಿ ಅವಳು ಕೂತಲ್ಲೇ ನಿದ್ದೆ ಹೋದಳು. ಬೆರಳಿನ ಮೇಲೆ ಬಿಸಿ ಎಣ್ಣೆ ಸಿಡಿದ ಕಲೆ ಇತ್ತು.

ಅವತ್ತು ಆ ಟೈಮ್‌ಟೇಬಲ್ ಹರಿದು ಹಾಕಿದೆ. ಅವಳ ಮನೆಯ ದುಡಿಮೆ ಬೆಳೆಯ ಜೊತೆ ಏರಿಳಿಯುತ್ತದೆ ಅನ್ನುವುದನ್ನು ನಾನು ಕೇಳಬೇಕಿತ್ತು. ಕೇಳಿರಲಿಲ್ಲ.

15 ಪ್ರಶ್ನೆ, 20 ನಿಮಿಷ

ಹೊಸ ಕ್ರಮ ತೀರಾ ಸಣ್ಣದು. 60 ಪ್ರಶ್ನೆಗೆ 80 ನಿಮಿಷ ಅಂದರೆ 15 ಪ್ರಶ್ನೆಗೆ 20 ನಿಮಿಷ. ದಿನಾ ರಾತ್ರಿ ಒಂದು ವಿಷಯದ 15 ಪ್ರಶ್ನೆ, ಸರಿಯಾಗಿ 20 ನಿಮಿಷ. ಆಮೇಲೆ 40 ನಿಮಿಷ ತಪ್ಪುಗಳನ್ನು ಬಿಡಿಸಿ ನೋಡುವುದಕ್ಕೆ. ಉಳಿದ ಒಂದು ತಾಸು ಪಿಯು ಪರೀಕ್ಷೆಯ ಓದು. ನಾಲ್ಕು ರಾತ್ರಿಗೆ ಒಂದು ಪೂರ್ತಿ ಪತ್ರಿಕೆ ಮುಗಿದಂತೆ ಆಗುತ್ತಿತ್ತು. ಪೂರ್ತಿ ಪತ್ರಿಕೆಗೆ ಒಟ್ಟಿಗೆ ಕೂರುವಷ್ಟು ಹೊತ್ತು ಭಾನುವಾರ ಬಿಟ್ಟರೆ ಅವಳಿಗೆ ಇರಲಿಲ್ಲ.

ಪರೀಕ್ಷಾ ಕೊಠಡಿಗೆ ಕೈಗಡಿಯಾರ ಬಿಡುವುದಿಲ್ಲ. ಹಾಗಾಗಿ ಮನೆಯಲ್ಲೂ ಫೋನ್ ಅವಳ ಮುಂದೆ ಇರಬಾರದು ಅಂದೆ. ಟೈಮ್ ನೋಡುವ ಕೆಲಸ ತಾಯಿ ವಹಿಸಿಕೊಂಡರು. ಅವರಿಗೆ ಓದು ಬರಹ ಬರುವುದಿಲ್ಲ. ಮಗನ ಕೈಲಿ ಫೋನಿಗೆ ಅಲಾರಾಂ ಇಡಿಸಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೆಣಸಿನಕಾಯಿ ಸೀಳುತ್ತ ಕೂರುತ್ತಿದ್ದರು. ಬಡಿದ ಕೂಡಲೇ, "ಗಂಟಿ ಆತವಾ, ಪೆನ್ನು ಇಡು." ಒಂದು ಲೆಕ್ಕ ಮುಗಿಯಲು ಒಂದು ಗೆರೆ ಬಾಕಿ ಇದ್ದರೂ ಬಿಡುತ್ತಿರಲಿಲ್ಲವಂತೆ. ಎರಡು ವಾರದಲ್ಲಿ 20 ನಿಮಿಷ ಎಷ್ಟು ಉದ್ದ ಅನ್ನುವುದು ಹುಡುಗಿಯ ಮೈಗೇ ಹತ್ತಿತು.

ಇದರ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ಅದಕ್ಕೆ ಅವಳೇ "ತಪ್ಪಿನ ಪುಸ್ತಕ" ಅಂತ ಹೆಸರಿಟ್ಟಳು. ಒಂದು ತಪ್ಪಿಗೆ ಒಂದೇ ಸಾಲು, ಅದೂ ತನ್ನ ಮಾತಿನಲ್ಲಿ. "ಮ್ಯಾಟ್ರಿಕ್ಸ್ ಮೂರು ಸಾಲಿಂದಾದ್ರ 2 ಅಲ್ಲ, 8." "ಪವರ್ ಕೇಳಿದ್ರ ಮೊದಲು ಮೀಟರ್ ಮಾಡು." "ನಾಟ್ ಕಂಡ್ರ ಗೋಲ ಹಾಕು." ಪುಸ್ತಕದಿಂದ ಪೂರ್ತಿ ಲೆಕ್ಕ ಇಳಿಸಿಕೊಳ್ಳುವುದನ್ನು ನಾನು ಬೇಡ ಅಂದಿದ್ದೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಸಾಲಾದರೆ ಬಸ್ಸಿನಲ್ಲಿ ನಿಂತುಕೊಂಡೇ ಹತ್ತು ಪುಟ ಓದಬಹುದು. ಬೆಳಿಗ್ಗೆ ಬಸ್ಸಿನ ನಲವತ್ತು ನಿಮಿಷ ಪೂರ್ತಿ ಆ ಪುಸ್ತಕಕ್ಕೆ. ಮಾರ್ಚ್ ಹೊತ್ತಿಗೆ ಅದರ ಅಂಚಿನಲ್ಲೆಲ್ಲ ಎಣ್ಣೆಯ ಕಲೆ, ಒಂದು ಪುಟದಲ್ಲಿ ಅರಿಶಿನದ ಬೆರಳಚ್ಚು.

ಆಯ್ಕೆಗಳನ್ನು ಹೊಡೆದು ಹಾಕುವುದನ್ನೂ ಅಭ್ಯಾಸ ಮಾಡಿಸಿದೆ. ಫಸ್ಟ್ ಆರ್ಡರ್ ಕ್ರಿಯೆಯ ರೇಟ್ ಕಾನ್‌ಸ್ಟೆಂಟ್ ಕೇಳಿದರೆ ಯೂನಿಟ್ ಪ್ರತಿ ಸೆಕೆಂಡ್ ಅಥವಾ ಪ್ರತಿ ನಿಮಿಷ ಇರಬೇಕು. ಮೋಲ್, ಲೀಟರ್ ಸೇರಿಕೊಂಡ ಆಯ್ಕೆಗಳನ್ನು ಲೆಕ್ಕ ಮಾಡದೇ ಹೊಡೆಯಬಹುದು. ಇಂಟಿಗ್ರೇಷನ್ ಕಷ್ಟವಾದರೆ ಆಯ್ಕೆಗಳನ್ನೇ ಡಿಫರೆನ್ಶಿಯೇಟ್ ಮಾಡಿ ಯಾವುದು ಪ್ರಶ್ನೆಗೆ ವಾಪಸ್ ಬರುತ್ತದೆ ನೋಡಬಹುದು. ಒಂದು ಗೆರೆ ಎಕ್ಸ್ ಅಕ್ಷಕ್ಕೆ 60 ಡಿಗ್ರಿ, ವೈ ಅಕ್ಷಕ್ಕೆ 45 ಡಿಗ್ರಿ ಇದ್ದರೆ ಜೆಡ್ ಅಕ್ಷಕ್ಕೆ ಎಷ್ಟು? ಮೂರು ಕೊಸೈನ್‌ಗಳ ವರ್ಗ ಸೇರಿದರೆ ಒಂದು. ಕಾಲು ಮತ್ತು ಅರ್ಧ ಸೇರಿ ಮುಕ್ಕಾಲು, ಉಳಿದದ್ದು ಕಾಲು, ಅಂದರೆ 60 ಡಿಗ್ರಿ. ಮೊದಲು ಇದಕ್ಕೆ ಅರ್ಧ ಪುಟ ಬರೆಯುತ್ತಿದ್ದಳು. ಫೆಬ್ರವರಿಯಲ್ಲಿ ಬಾಯಲ್ಲೇ ಹೇಳುತ್ತಿದ್ದಳು.

ಯಾವ ಪಾಠ ಹಿಡಿದೆವು, ಯಾವುದು ಬಿಟ್ಟೆವು

ಬಿಡುವುದು ಕಷ್ಟದ ತೀರ್ಮಾನ. ಮೇಷ್ಟ್ರ ಬಾಯಲ್ಲಿ "ಈ ಪಾಠ ಬಿಡು" ಅನ್ನುವ ಮಾತು ಸುಲಭಕ್ಕೆ ಬರುವುದಿಲ್ಲ. ಆದರೆ ಎರಡು ತಾಸಿನಲ್ಲಿ ಎಲ್ಲ ಓದುತ್ತೇನೆ ಅನ್ನುವವರು ಯಾವುದನ್ನೂ ಗಟ್ಟಿ ಮಾಡಿಕೊಳ್ಳುವುದಿಲ್ಲ, ಅಲ್ವಾ?

ಪಿಯು ಪರೀಕ್ಷೆಗೂ ಬೇಕು, ಸಿಇಟಿಗೂ ಬೇಕು, ಪಾಠವೂ ಚಿಕ್ಕದು: ಅಂಥವಕ್ಕೆ ಮೊದಲ ಜಾಗ. ಮ್ಯಾಥ್ಸ್‌ನಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ತ್ರೀಡಿ, ಲೀನಿಯರ್ ಪ್ರೋಗ್ರಾಮಿಂಗ್, ಪ್ರಾಬಬಿಲಿಟಿ. ಫಿಸಿಕ್ಸ್‌ನಲ್ಲಿ ಕರೆಂಟ್ ಎಲೆಕ್ಟ್ರಿಸಿಟಿ, ರೇ ಆಪ್ಟಿಕ್ಸ್, ಆಟಂ, ನ್ಯೂಕ್ಲಿಯಸ್, ಸೆಮಿಕಂಡಕ್ಟರ್. ಕೆಮಿಸ್ಟ್ರಿಯಲ್ಲಿ ಸೊಲ್ಯೂಷನ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್, ಕೋಆರ್ಡಿನೇಷನ್, ಬಯೋಮಾಲಿಕ್ಯೂಲ್. ಫಸ್ಟ್ ಪಿಯುಸಿಯಿಂದ ಸೆಟ್ಸ್, ಸ್ಟ್ರೇಟ್ ಲೈನ್, ಲಿಮಿಟ್ಸ್, ಸ್ಟ್ಯಾಟಿಸ್ಟಿಕ್ಸ್, ಮೋಲ್ ಲೆಕ್ಕ, ಪೀರಿಯಾಡಿಕ್ ಟೇಬಲ್, ಯೂನಿಟ್ಸ್ ಅಷ್ಟೇ. ರೊಟೇಷನಲ್ ಮೋಷನ್ ಬಿಟ್ಟೆವು. ಕಾನಿಕ್ ಸೆಕ್ಷನ್ ಅರ್ಧ ಮಾಡಿ ಬಿಟ್ಟೆವು.

ಫೆಬ್ರವರಿಯಲ್ಲಿ ಪಿಯು ಪರೀಕ್ಷೆಯ ಒತ್ತಡ. ಸಿಇಟಿಗೆ ರಾತ್ರಿಯ 20 ನಿಮಿಷ ಬಿಟ್ಟರೆ ಏನೂ ಉಳಿಯಲಿಲ್ಲ. ಜನವರಿ ಕೊನೆಯ ಟೆಸ್ಟಿನಲ್ಲಿ 81 ಬಂದಿತ್ತು, ಫೆಬ್ರವರಿಯದರಲ್ಲಿ 79ಕ್ಕೆ ಇಳಿಯಿತು. ಅವಳು ತುಂಬ ಬೇಜಾರು ಮಾಡಿಕೊಂಡಳು. ತಪ್ಪುಗಳನ್ನು ವಿಂಗಡಿಸಿ ನೋಡಿದಾಗ ಗೊತ್ತಿದ್ದೂ ತಪ್ಪಿದವು 22ರಿಂದ 12ಕ್ಕೆ ಇಳಿದಿದ್ದವು. ಇಳಿದ ಅಂಕ ಮಾತ್ರ ಬೇರೆ ಕಡೆಯಿಂದ ಹೋಗಿತ್ತು. ಓಎಂಆರ್ ಹಾಳೆಯಲ್ಲಿ, ಅಂದರೆ ಉತ್ತರದ ಗೋಲ ತುಂಬುವ ಹಾಳೆಯಲ್ಲಿ, 23ನೇ ಪ್ರಶ್ನೆಯ ಉತ್ತರ 24ರ ಸಾಲಿಗೆ ಹಾಕಿ, ಮುಂದೆ ಅದೇ ಜಾಡಿನಲ್ಲಿ ಸಾಗಿ ಆರು ಅಂಕ ಕಳೆದುಕೊಂಡಿದ್ದಳು. ಪ್ರಶ್ನೆ ಹಾರಿಸಿ ಮುಂದೆ ಹೋಗುವ ಅಭ್ಯಾಸ ಮಾಡಿಸಿದ್ದೇ ನಾನು, ಹಾರಿಸಿದಾಗ ಸಾಲು ತಪ್ಪುತ್ತದೆ ಅಂತ ಹೇಳಿರಲಿಲ್ಲ. ಅವತ್ತಿನಿಂದ ಗೋಲ ತುಂಬುವಾಗಲೆಲ್ಲ ಪ್ರಶ್ನೆಯ ನಂಬರನ್ನು ತುಟಿ ಅಲ್ಲಾಡಿಸಿ ಹೇಳಿಕೊಳ್ಳುತ್ತಿದ್ದಳು. ಆ ತಪ್ಪು ಮತ್ತೆ ಆಗಲಿಲ್ಲ.

ಕೊನೆಯ ಒಂದು ತಿಂಗಳು

ಮಾರ್ಚ್‌ನಲ್ಲಿ ಪಿಯು ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಸುಮಾರು ನಾಲ್ಕು ವಾರ ಇತ್ತು. ಕಾಲೇಜು ಇಲ್ಲ. ಅಂಗಡಿ ಇತ್ತು. ಹಗಲು ಒಂದೂವರೆ ತಾಸು, ರಾತ್ರಿ ಒಂದು ತಾಸು ಸಿಕ್ಕಿತು. ಈಗ ಪೂರ್ತಿ 80 ನಿಮಿಷದ ಪತ್ರಿಕೆ ಕೊಟ್ಟೆ, ದಿನ ಬಿಟ್ಟು ದಿನ. ಪತ್ರಿಕೆಯನ್ನು ಮೂರು ಸುತ್ತು ಹಾಕಬೇಕು. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಬರುವವು. ಎರಡನೆಯದರಲ್ಲಿ ಲೆಕ್ಕ ಬೇಕಾದವು. ಕೊನೆಯ ಐದು ನಿಮಿಷ ಉಳಿದದ್ದಕ್ಕೆಲ್ಲ ಗೋಲ ತುಂಬುವುದಕ್ಕೆ. ಒಂದೂ ಖಾಲಿ ಇರಬಾರದು.

ಏಪ್ರಿಲ್ ಮೊದಲ ವಾರದ ಟೆಸ್ಟಿನಲ್ಲಿ 98.

ಇದೇ ಹೊತ್ತಿನಲ್ಲಿ ಕಾಗದಪತ್ರದ ಓಡಾಟವೂ ಇತ್ತು. ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್, ರಾಜ್ಯದ ಉಳಿದ ಕಡೆ 8 ಪರ್ಸೆಂಟ್ ಸೀಟು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು. ಇವಳಿಗೆ ಮೂರೂ ಅನ್ವಯಿಸುತ್ತಿದ್ದವು. ಈ ಸರ್ಟಿಫಿಕೇಟ್‌ಗಳನ್ನು ಡಿಸೆಂಬರಿನಲ್ಲೇ ಮಾಡಿಸಬೇಕಿತ್ತು. ನಾವು ತಡ ಮಾಡಿದ್ದರಿಂದ ಓದುವ ನಾಲ್ಕು ಹಗಲು ಕಚೇರಿಯ ಬಾಗಿಲಲ್ಲಿ ಕಳೆದುಹೋದವು. ಎರಡು ತಾಸು ಲೆಕ್ಕ ಹಾಕಿ ಓದುವ ಮಗುವಿಗೆ ನಾಲ್ಕು ಹಗಲು ತುಂಬ ದೊಡ್ಡದು. ನಿಮ್ಮ ಮನೆಯಲ್ಲಿ ಸೆಕೆಂಡ್ ಪಿಯುಸಿ ಮಗು ಇದ್ದರೆ ಈ ವಾರವೇ ಅರ್ಜಿ ಹಾಕಿ.

ಬಂದ ಅಂಕ

ಸಿಇಟಿಯಲ್ಲಿ ಮ್ಯಾಥ್ಸ್ 38, ಕೆಮಿಸ್ಟ್ರಿ 37, ಫಿಸಿಕ್ಸ್ 28. ಒಟ್ಟು 103. ಪಿಯುವಿನಲ್ಲಿ ಮೂರು ವಿಷಯಕ್ಕೆ 251. ಎರಡೂ ಸೇರಿ 100ಕ್ಕೆ 70.44. ಸಿಇಟಿಯಲ್ಲಿ ಡಿಸೆಂಬರಿನ 67ರಲ್ಲೇ ನಿಂತಿದ್ದರೆ 60.44 ಆಗುತ್ತಿತ್ತು. ಹೆಚ್ಚಿದ 36 ಅಂಕದಿಂದ ಮೊತ್ತ ಸರಿಯಾಗಿ ಹತ್ತು ಮೇಲೇರಿತು. ಸಿಇಟಿಗೆ ಅಂತಲೇ ಅವಳು ಕೂತದ್ದು ನಾಲ್ಕು ತಿಂಗಳಲ್ಲಿ ಒಟ್ಟು ಸುಮಾರು 150 ತಾಸು. ತಾಯಿಯ ಅಂಗಡಿಗೆ ಒಂದು ದಿನವೂ ರಜೆ ಹಾಕಲಿಲ್ಲ, ಪರೀಕ್ಷೆಯ ಎರಡು ದಿನ ಬಿಟ್ಟು.

ಓಎಂಆರ್‌ನ ಪ್ರತಿ ಅವಳ ಹತ್ತಿರ ಇತ್ತು. ಕೀ ಉತ್ತರ ಬಂದ ಮೇಲೆ ಇಬ್ಬರೂ ಕೂತು 36 ಅಂಕ ಎಲ್ಲಿಂದ ಬಂತು ಅಂತ ಹುಡುಕಿದೆವು. ಗೊತ್ತಿದ್ದೂ ತಪ್ಪುವುದನ್ನು ನಿಲ್ಲಿಸಿದ್ದರಿಂದ 13ರಷ್ಟು. ಖಾಲಿ ಬಿಡದೆ, ಎರಡು ಆಯ್ಕೆ ಹೊಡೆದು ಹಾಕಿ ತುಂಬಿದ್ದರಿಂದ 8. ವೇಗ ಬಂದು ಕೊನೆಯ ಪುಟ ಮುಟ್ಟಿದ್ದರಿಂದ 6. ಹೊಸದಾಗಿ ಓದಿದ ಪಾಠಗಳಿಂದ ಬಂದದ್ದು 9 ಮಾತ್ರ. ಮುಕ್ಕಾಲು ಪಾಲು ಅಂಕ ಅವಳಿಗೆ ಮೊದಲೇ ಬರುತ್ತಿದ್ದ ವಿಷಯಗಳಲ್ಲೇ ಇತ್ತು.

ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ತಾಯಿ ಅವತ್ತು ಕಾಲೇಜಿಗೆ ಪೇಪರಿನಲ್ಲಿ ಕಟ್ಟಿದ ಮಿರ್ಚಿ ತಂದಿದ್ದರು. ಇನ್ನೂ ಬಿಸಿ ಇತ್ತು.

ಆಗದೇ ಉಳಿದದ್ದನ್ನೂ ಹೇಳಬೇಕು. ಫಿಸಿಕ್ಸ್‌ನಲ್ಲಿ 22 ಇದ್ದದ್ದು 28 ಆಯಿತು, ಅಷ್ಟೇ. ಆರು ಅಂಕ. ಯೂನಿಟ್ ತಪ್ಪು ನಿಂತಿತು, ಚಿಕ್ಕ ಪಾಠಗಳು ಕೈಹಿಡಿದವು, ಅಲ್ಲಿಗೆ ಮುಗಿಯಿತು. ಫಸ್ಟ್ ಪಿಯುಸಿಯ ಚಲನೆ, ಬಲ, ಕೆಲಸ, ಶಕ್ತಿ ಅವಳಿಗೆ ಗಟ್ಟಿ ಇರಲಿಲ್ಲ. ಎಲೆಕ್ಟ್ರಿಕ್ ಫೀಲ್ಡಿನಲ್ಲಿ ಓಡುವ ಚಾರ್ಜ್ ಲೆಕ್ಕಕ್ಕೂ ಕೊನೆಗೆ ಅದೇ ಚಲನೆಯ ಸಮೀಕರಣ ಬೇಕು. ಅಡಿಪಾಯದಲ್ಲೇ ಕೊರತೆ ಇದ್ದರೆ ರಾತ್ರಿಯ 15 ಪ್ರಶ್ನೆ ಅದನ್ನು ತುಂಬುವುದಿಲ್ಲ. ಅದಕ್ಕೆ ನಿಧಾನವಾಗಿ ಕೂತು ಕಲಿಯುವ ಹೊತ್ತು ಬೇಕು. ನಾಲ್ಕು ತಿಂಗಳಲ್ಲಿ ಆ ಹೊತ್ತು ನಮ್ಮ ಹತ್ತಿರ ಇರಲಿಲ್ಲ.

ಅವಳ ತಮ್ಮ ಈಗ ಫಸ್ಟ್ ಪಿಯುಸಿ ಮುಗಿಸಿದ್ದಾನೆ. ಅಕ್ಕ ಹಾಸ್ಟೆಲಿಗೆ ಹೋದ ಮೇಲೆ ವಗ್ಗರಣಿ ಕಟ್ಟುವುದು ಅವನ ಪಾಲಿಗೆ ಬಂದಿದೆ. ತಪ್ಪಿನ ಪುಸ್ತಕವೂ ಅವನ ಹತ್ತಿರವೇ ಇದೆ. ಬೇಸಿಗೆ ರಜೆ ಶುರುವಾಗಿದೆ, ಗದ್ದೆಗಳಲ್ಲಿ ಕಟಾವು ನಡೆದಿದೆ. ದಿನಾ ಮಧ್ಯಾಹ್ನ ಮೂರಕ್ಕೆ ಅವನು ನನ್ನ ಮನೆಗೆ ಬರುತ್ತಾನೆ, ಫಿಸಿಕ್ಸ್ ಮೇಷ್ಟ್ರೂ ಬರುತ್ತಾರೆ. ಚಲನೆಯ ಪಾಠದಿಂದ ಶುರು ಮಾಡಿದ್ದೇವೆ.